ನುಗ್ಗೆ ದಿಮ್ಮಿ, ಕೆಂಚಿಯ ಬಿದಿರು

ಒಂದು ಕಾಡಿನಲ್ಲಿ ಒಂದು ಆಳವಾದ ಹಳ್ಳ ಇತ್ತು. ಆಚೆ ದಡದ ತುಂಬಾ ಎಳೆ ಹುಲ್ಲು. ಈಚೆ ಜಿಂಕಕ್ಕನ ಹಿಂಡು, ಹಸಿದ ಮರಿಗಳು. ಅವು ದಾಟಲಿ ಅಂತ ಕೋತಿ ಕೆಂಚಿ ಬಿದಿರನ್ನ ಬಳ್ಳಿಯಿಂದ ಬಿಗಿದು ಸೇತುವೆ ಕಟ್ಟಿದ್ಳು.

ಅಷ್ಟರಲ್ಲಿ ನರಿ ಒಂದು ದಪ್ಪ ದಿಮ್ಮಿ ಉರುಳಿಸ್ಕೊಂಡು ಬಂದ.

"ಇದೇನೇ ಕೆಂಚಿ, ಸೇತುವೆನೋ ಜೋಕಾಲಿನೋ? ನನ್ನ ದಿಮ್ಮಿ ನೋಡು, ಕರಡಿಯಣ್ಣನ ತೊಡೆಯಷ್ಟು ದಪ್ಪ!"

ಅಲ್ಲೇ ನಿಂತಿದ್ದ ಕರಡಿಯಣ್ಣನೂ ನಕ್ಕ. "ಹೌದು ಕಣೆ, ನಿಂದು ಗಾಳಿಗೇ ಬಳುಕ್ತಿದೆ." ಅವನೇ ಎತ್ತಿ ದಿಮ್ಮಿಯನ್ನ ಬಿದಿರಿನ ಪಕ್ಕದಲ್ಲೇ ಹಳ್ಳಕ್ಕೆ ಅಡ್ಡ ಹಾಕಿದ. ನರಿ ಮೆಲ್ಲಗೆ ಮಾಯವಾದ.

ಕೆಂಚಿ ಮುಖ ಚಿಕ್ಕದಾಯ್ತು. ಆದ್ರೆ ಅವಳು ಕೋತಿ ಅಲ್ವಾ? ಅಲ್ಲಾಡಿಸಿ ನೋಡದೆ ಯಾವ ಕೊಂಬೆಗೂ ಹಾರಿದವಳಲ್ಲ. ದಿಮ್ಮಿಯ ತೊಗಟೆ ಕೆರೆದ್ಳು. ಒಳಗೆಲ್ಲಾ ಮೆತ್ತಗೆ. ನುಗ್ಗೆಮರ! ಎಷ್ಟು ದಪ್ಪ ಇದ್ರೂ ಪಟಕ್ಕನೆ ಮುರಿಯೋ ಮರ.

"ಜಿಂಕಕ್ಕ, ತಡಿ! ಮೊದಲು ಒಂದು ಬಂಡೆ ದಾಟಲಿ."

"ಬಂಡೆಗೂ ಹುಲ್ಲು ಬೇಕಾ?" ಅಂತ ಗೊಣಗಿ ಕರಡಿಯಣ್ಣ ಬಂಡೆಗೆ ಹೆಗಲು ಕೊಟ್ಟ.

ಆಗ ಹಳ್ಳದೊಳಗಿಂದ ಒಂದು ಕೂಗು. "ಬೇಡ! ಬಂಡೆ ಬೇಡ!"

ಕೆಂಚಿ ಬಗ್ಗಿ ನೋಡಿದ್ಳು. ದಿಮ್ಮಿಯ ಕೆಳಗೇ ನರಿ!

"ನರಿ ಮಾವ, ಅಲ್ಲೇನು ಮಾಡ್ತಿದ್ದೀಯ?"

"ನಾನಾ? ಸುಮ್ನೆ... ತಂಪಾಗಿದೆ ಅಂತ."

"ಮರಿಗಳು ಬಾಯಿಗೆ ಬೀಳಲಿ ಅಂತ ಕೂತಿದ್ದೀಯಾ?"

ನರಿ ಉತ್ತರ ಕೊಡೋಕೆ ಮುಂಚೆ ಬಂಡೆ ದಿಮ್ಮಿ ಮೇಲೆ ಉರುಳಿತ್ತು. ಪಟ್! ದಿಮ್ಮಿ ಎರಡಾಯ್ತು. ಬಂಡೆ ಬಂದು ನರಿಯ ಬಾಲದ ಮೇಲೇ ಕೂತ್ಕೊಳ್ತು.

"ಅಯ್ಯಯ್ಯೋ, ನನ್ನ ಬಾಲ!"

ಕರಡಿಯಣ್ಣನಿಗೆ ನಾಚಿಕೆ ಆಯ್ತು. "ಕೆಂಚಿ, ನಿನ್ನ ಬಿದಿರಿನ ಮೇಲೆ ನಾನೇ ಹೋಗ್ತೀನಿ" ಅಂದ. ಬಿದಿರು ಕಿರ್ರ್ ಅಂತು, ಬಿಲ್ಲಿನ ಹಾಗೆ ಬಾಗ್ತು. ಅವನು ಆಚೆ ದಡ ಹತ್ತಿದ್ದೇ ತಡ, ಅದು ಮತ್ತೆ ನೆಟ್ಟಗಾಯ್ತು.

ಆಮೇಲೆ ಹಿಂಡು ಹೊರಟಿತು. ಹಳ್ಳದಲ್ಲಿ ಸಿಕ್ಕಿಬಿದ್ದ ನರಿಯ ತಲೆ ಮೇಲಿನ ಬಿದಿರಿನಲ್ಲೇ ಪುಟ್ಟ ಗೊರಸುಗಳು ಟಕಟಕ ಅಂತ ದಾಟಿದ್ವು. ಒಂದು ಮರಿ ನಡುವೆ ನಿಂತು ಕೂಗಿತು, "ಕೆಂಚತ್ತೆ, ಇದು ಕುಣಿಯುತ್ತೆ!"

"ಕುಣಿಯಲಿ ಕಂದ, ಮುರಿಯಲ್ಲ" ಅಂದ್ಳು ಕೆಂಚಿ, ಬಾಲ ನೆಟ್ಟಗೆ ಮಾಡ್ಕೊಂಡು.

ನೀತಿ: ದಪ್ಪ, ಅಂದ ನೋಡಿ ಯಾವ ವಸ್ತುವನ್ನೂ ನಂಬಬೇಡಿ, ಅದರ ಗುಣ ಪರೀಕ್ಷಿಸಿ, ಆಮೇಲೆ ಬಳಸಿ.