ಅಧ್ಯಕ್ಷರ ಟೀಮು

ಕಬಡ್ಡಿ ಫೈನಲ್‌ಗೆ ಮುಂಚೆ ಪಂಚಾಯ್ತಿ ಅಧ್ಯಕ್ಷ ನಂಜೇಗೌಡರು ಅಂಪೈರ್ ಚಿಕ್ಕೀರಯ್ಯ ಮೇಷ್ಟ್ರನ್ನು ಪಕ್ಕಕ್ಕೆ ಕರೆದು ಗದರಿದರು.

"ನಮ್ಮ ಟೀಮೇ ಗೆಲ್ಲಬೇಕು. ಇಲ್ಲಾಂದ್ರೆ ನಿಮ್ಮನ್ನ ಎತ್ತಂಗಡಿ ಮಾಡಿಸ್ತೀನಿ."

ಮೇಷ್ಟ್ರು ನಿಲ್ಲಲಾರದೆ ಅಂಕಣದ ಸುತ್ತ ಎರಡು ಸಲ ತಿರುಗಿದರು. ಒಂದು ಕಡೆ ಗೌಡರ ಊರಿನವರು, ಇನ್ನೊಂದು ಕಡೆ ಹಳೇಪಾಳ್ಯದವರು ಕಿರುಚುತ್ತಿದ್ದರು. ಮುಂದಿನ ತಿಂಗಳ ಚುನಾವಣೆಗೆ ಗೌಡರಿಗೆ ಎರಡೂ ಊರಿನ ಓಟು ಬೇಕಿತ್ತು.

ಮೇಷ್ಟ್ರು ಮೈಕ್ ತಂದು ಗೌಡರ ಕೈಗಿಟ್ಟರು.

"ಆಗಲಿ ಸ್ವಾಮಿ. ನಿಮ್ಮ ಟೀಮು ಯಾವುದು ಅಂತ ಎಲ್ಲರಿಗೂ ಕೇಳೋ ಹಾಗೆ ಹೇಳಿಬಿಡಿ."

ಎರಡೂ ಕಡೆಯ ಜನ ಗೌಡರತ್ತ ತಿರುಗಿದರು. ಗೌಡರು ಆ ಕಡೆ ನೋಡಿದರು, ಈ ಕಡೆ ನೋಡಿದರು, ಹಣೆಯ ಬೆವರು ಒರೆಸಿಕೊಂಡರು.

"ಎರಡೂ... ಎರಡೂ ನನ್ನವೇ!"

"ಹಾಗಾದ್ರೆ ನಿಮ್ಮ ಟೀಮು ಗೆಲ್ಲೋದು ಗ್ಯಾರಂಟಿ ಬಿಡಿ," ಎಂದು ಮೇಷ್ಟ್ರು ಸೀಟಿ ಊದಿದರು.