ಅಪ್ಪನಿಗೆ ಬರೆದ ಪದ್ಯ

“ಹುಟ್ಟು ಹಾಕೋ ಕೈಗೆ ಅಕ್ಷರ ಹತ್ತಂಗಿಲ್ಲ” ಎಂದು ಹುಲಿಗೆವ್ವನಿಗೆ ಹೇಳಿದವನು ಬೇರೆ ಯಾರೂ ಅಲ್ಲ, ಹೆತ್ತಪ್ಪ. ಅವಳ ಕೈಯಲ್ಲಿದ್ದ ಪಾಟಿಯನ್ನು ಕಿತ್ತುಕೊಂಡು ಹರಿಗೋಲಿನ ಹುಟ್ಟು ಕೊಟ್ಟಿದ್ದ. ಆಗ ಅವಳಿಗೆ ಎಂಟು ವರ್ಷ.

ಅವಳು ಹುಟ್ಟು ಹಾಕಿದಳು. ಹೊಳೆ ದಾಟುವವರನ್ನೆಲ್ಲ ಒಂದೊಂದು ಅಕ್ಷರ ಕೇಳಿದಳು. ಆಚೆ ದಡದ ಮರಳಿನಲ್ಲಿ ಅದನ್ನು ಬರೆದು ತೋರಿಸಿ, ಸರಿ ಅನ್ನಿಸಿಕೊಳ್ಳದೆ ಯಾರನ್ನೂ ಹೋಗಗೊಡುತ್ತಿರಲಿಲ್ಲ. ಅಕ್ಷರ ಬಾರದವರು ಈಜಿಕೊಂಡೇ ದಾಟಬೇಕೇನವ್ವ ಎಂದು ಜನ ಚೇಷ್ಟೆ ಮಾಡುತ್ತಿದ್ದರು.

ನಲವತ್ತರ ಹೊತ್ತಿಗೆ ಒಂದು ಪದ್ಯ ಬರೆದಳು. ಹೊಳೆದಂಡೆಯ ಮಠಕ್ಕೆ ತಂದು ಗುರುಗಳಾದ ಅಜ್ಜನವರ ಮುಂದಿಟ್ಟಳು. ಹುಣ್ಣಿಮೆಗೆ ಊರವರೆಲ್ಲ ಮಠದಲ್ಲಿ ಸೇರಿದಾಗ ಓದಲು ಅಪ್ಪಣೆ ಬೇಕು ಎಂದಳು.

ಅಜ್ಜನವರು ಓದಿ ನೋಡಿದರು. ಯಾರು ಕೇಳಲಿ ಎಂದು ಬರೆದೆ ಎಂದರು.

“ಅಪ್ಪ ಕೇಳ್ಬೇಕ್ರಿ. ಮುಂದ ಕುಂಡ್ರಿಸ್ತೀನಿ. ಊರೆಲ್ಲ ಅವನ ಮುಖ ನೋಡ್ಬೇಕು.”

“ಅವನಿಗೆ ಈಗ ವಯಸ್ಸೆಷ್ಟು?”

“ಎಪ್ಪತ್ತೈದು. ಕಿವಿ ಚುರುಕದಾವ ಬಿಡ್ರಿ.”

ಅಜ್ಜನವರು ನಕ್ಕರು. ಬರೆದವರ ಬಾಯಲ್ಲಿ ಪದ್ಯ ಯಾವಾಗಲೂ ಚೆನ್ನಾಗಿಯೇ ಕೇಳಿಸುತ್ತದೆ, ಮಗಳನ್ನು ಕರೆಸು, ಅವಳು ಓದಲಿ ಎಂದರು.

ಮಗಳು ನಿಂಬೆವ್ವನಿಗೆ ಹದಿನಾಲ್ಕು. ಹುಲಿಗೆವ್ವ ಅವಳನ್ನು ಹರಿಗೋಲಿನ ಹತ್ತಿರ ಸುಳಿಯಗೊಡುತ್ತಿರಲಿಲ್ಲ. ಪುಸ್ತಕದ ಮುಂದಿನಿಂದ ಏಳಗೊಡುತ್ತಿರಲಿಲ್ಲ. ಹುಡುಗಿಗೋ ನೀರೆಂದರೆ ಪ್ರಾಣ. ಹೋದ ವಾರ ಅವಳು ಕದ್ದು ಹರಿಗೋಲು ನಡೆಸಿದ್ದು ಕಣ್ಣಿಗೆ ಬಿದ್ದು, ಹುಲಿಗೆವ್ವ ಅವಳ ಕೈಯಿಂದ ಹುಟ್ಟು ಕಿತ್ತುಕೊಂಡು ಒಲೆಗೆ ಹಾಕಿದ್ದಳು. ಅಂದಿನಿಂದ ಮಗಳು ಮಾತು ಬಿಟ್ಟಿದ್ದಳು.

ನಿಂಬೆವ್ವ ಬಂದಳು. ಮೊದಲ ಸಾಲುಗಳನ್ನು ಶಾಲೆಯ ಪಾಠದಂತೆ ಗಡಗಡ ಓದಿದಳು. ಆಮೇಲೆ ದನಿ ನಿಧಾನವಾಯಿತು.

“ನಿನ್ನ ಹಸಿವನ್ನೇ ಕಲಸಿ ತುತ್ತು ಮಾಡಿ ಉಣಿಸಿದೆ,
ನನ್ನ ಹಸಿವು ಯಾವುದೆಂದು ಒಂದು ದಿನವೂ ಕೇಳದೆ.”

ಅದನ್ನು ಅವಳು ಎರಡು ಸಲ ಓದಿದಳು. ಎರಡನೆಯ ಸಲ ಕಣ್ಣು ಹಾಳೆಯ ಮೇಲಿರಲಿಲ್ಲ, ತಾಯಿಯ ಮೇಲಿತ್ತು.

ಹಾಳೆಯನ್ನು ಕೆಳಗಿಟ್ಟು ಹೊರಗೆ ಹೋದಳು. ಹೊಳೆಯ ಕಡೆ ಮುಖ ಮಾಡಿ ಮೆಟ್ಟಿಲ ಮೇಲೆ ಕೂತಳು.

ಹುಲಿಗೆವ್ವ ಬಾಗಿಲ ತನಕ ಹೋಗಿ ಮಗಳನ್ನು ನೋಡಿ ಬಂದಳು.

“ಅಜ್ಜಾರ, ನನ್ನವು ಅಂತ ಮೂರು ಹರಿಗೋಲದಾವ, ಒಂದು ಮನಿ ಐತಿ. ಓದಾಕ ಬರ್ತೈತಿ, ಬರಿಯಾಕ ಬರ್ತೈತಿ. ಯಾರ ಹಂಗಿನ್ಯಾಗೂ ಇಲ್ಲ,” ಎಂದಳು. “ಇಷ್ಟಕ್ಕ ಅಪ್ಪನ ಕೂಡ ಇಪ್ಪತ್ತು ವರ್ಷ ಮಾತು ಕಳಕೊಂಡೆ. ಈಗ ಇಕೀದೂ ಹೋತು.”

ಹರಿದು ಹಾಕಲೆಂದು ಹಾಳೆಗೆ ಕೈ ಹಾಕಿದಳು. ಅಜ್ಜನವರು ಅದರ ಮೇಲೆ ಅಂಗೈ ಊರಿದರು.

“ಇನ್ನ ಇದನ್ನ ಯಾವ ಬಾಯಿಲೆ ಓದ್ಲಿ?” ಎಂದಳು ಹುಲಿಗೆವ್ವ.

“ಓದವ್ವ. ಅವನ ಹಸಿವಿನ ಎರಡು ಸಾಲು ಬಾಕಿ ಅದಾವ, ಬರದು ಓದು. ಮಗಳನ್ನ ಕರಕೊಂಡು ಅಪ್ಪನ ಹತ್ತಿರ ಹೋಗು. ‘ನೀ ಸಣ್ಣವ ಇದ್ದಾಗ ಯಾವುದಕ್ಕ ಅಳತಿದ್ದಿ’ ಅಂತ ಅವನ್ನ ಕೇಳ್ಕೊಂಡು ಬಾ.”