ಬರಿದೇ ತಿರುಗಿದ ಬೀಸುಕಲ್ಲು

"ಆನೆಯ ದಂತವನ್ನೇ ಕುಟ್ಟಿ ಹಿಟ್ಟು ಮಾಡಿದವನು ನಾನು! ಕಣ್ಣಾರೆ ಕಂಡ ನಿನ್ನಜ್ಜ ಈಗ ಹಿತ್ತಿಲ ಮೆಟ್ಟಿಲಾಗಿ ಬಾಯಿ ಮುಚ್ಚಿಕೊಂಡಿದ್ದಾನೆ," ಎಂದು ಮುದಿ ಒನಕೆ ಬೀಸುಕಲ್ಲಿನ ಮುಂದೆ ಮೀಸೆ ತಿರುವಿತು. ಮೀಸೆ ಇರಲಿಲ್ಲ, ಅದು ಬೇರೆ ಮಾತು.

ಬೀಸುಕಲ್ಲಿಗೆ ನಗು ಬರಲಿಲ್ಲ. ನಾಳೆಯ ರಾಗಿಯಲ್ಲಿ ಹರಳಿದ್ದರೆ, ಗೂಟ ಮುರಿದರೆ ಎಂದು ಅದು ಕಾಳಿಲ್ಲದೆಯೇ ಗರಗರ ತಿರುಗುತ್ತಿತ್ತು. ಮೈ ಸವೆದು ನುಣ್ಣಗಾಗಿತ್ತು. ರಾಗಿ ಬಂದರೂ ಬೀಸುವ ಮನಸ್ಸಿರಲಿಲ್ಲ. ಮನೆಯವರು ಅದನ್ನೂ ಮೆಟ್ಟಿಲು ಮಾಡುವುದೊಂದೇ ಬಾಕಿ.

"ನಿಲ್ಲೋ ಮಗನೇ! ಕಾಳಿಲ್ಲದೆ ತಿರುಗಿದರೆ ನಿನ್ನನ್ನೇ ನೀನು ಬೀಸಿಕೊಳ್ಳುತ್ತೀಯ. ನನ್ನನ್ನು ನೋಡು, ಹುಟ್ಟಿದಾಗಿನಿಂದ ಚಿಂತೆಯ ಮುಖ ಕಂಡವನಲ್ಲ."

ಕಲ್ಲು ತಟ್ಟನೆ ನಿಂತಿತು. "ಊರಿಗೆ ಅಕ್ಕಿ ಗಿರಣಿ ಬಂದಾಗ, ಒಲೆಗೆ ಹಾಕುತ್ತಾರೆಂದು ಗಡಗಡ ನಡುಗಿ ಬಿದ್ದದ್ದು ಯಾರು, ಅಜ್ಜಾ?"

"ಬಿದ್ದೆನಪ್ಪ, ಏನೀಗ?" ಎಂದು ಒನಕೆ ಗೋಡೆಗೆ ಒರಗಿತು. "ಬಿದ್ದಲ್ಲೇ ನಿದ್ದೆ ಹೋದೆ."